ಶಾರದವ್ವನ ಸ್ಪೀಕರ್ ಪೆಟ್ಟಿಗೆ

"ಪೆಟ್ಟಿಗೆ ಸತ್ತ ಹಾಗಿರ್ಬೇಕು ಗೌಡ್ರೇ. ಕೂಗೋದು ಸ್ಪೀಕರ್ ಕೆಲಸ. ಪೆಟ್ಟಿಗೆ ಬಾಯಿ ಮುಚ್ಕೊಂಡು ಕೂತಿರ್ಬೇಕು. ಇಷ್ಟೇ ಇದ್ರ ಗುಟ್ಟು."

ಉಲ್ಲಾಸ ಇದನ್ನು ಮೂರನೇ ಸಲ ಹೇಳಿದಾಗ ಅಂದಾನಪ್ಪನಿಗೆ ಸಿಟ್ಟು ನೆತ್ತಿಗೇರಿತು. ದಾಸನಕೊಪ್ಪದಿಂದ ಶಿರಸಿಯವರೆಗೆ ಬಸ್ಸಿನಲ್ಲಿ ನಿಂತೇ ಬಂದಿದ್ದ ಮನುಷ್ಯ. ಚಹಾ ಸಹ ಕುಡಿಯದೆ ನೇರ ಈ ಅಂಗಡಿಗೆ ನುಗ್ಗಿದ್ದ. ಇಲ್ಲಿ ನೋಡಿದರೆ ಮೊಮ್ಮಗನ ವಯಸ್ಸಲ್ಲದಿದ್ದರೂ ಮಗನಿಗಿಂತ ಸಣ್ಣವನೊಬ್ಬ ಪಾಠ ಹೇಳುತ್ತಿದ್ದಾನೆ!

ದೇವಿಕೆರೆಯ ಹತ್ತಿರದ ಅಂಗಡಿ ಅದು. ಉಲ್ಲಾಸ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದ, ಸ್ಪೀಕರ್ ಪೆಟ್ಟಿಗೆಗಳನ್ನು ತಾನೇ ಕೊಯ್ದು ಜೋಡಿಸುತ್ತಿದ್ದ. ಹುಡುಗ ಒಳ್ಳೆಯವನೇ, ಕೆಲಸವೂ ಚೊಕ್ಕ. ಗಿರಾಕಿಗೆ ತೋರಿಸಲಿಕ್ಕೆಂದು ನಾಲ್ಕು ತುಂಡು ಹಲಗೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದ. ಒಂದೊಂದನ್ನೇ ಬೆರಳಿನ ಗಂಟಿನಿಂದ ತಟ್ಟಿ ತೋರಿಸಿದ. ಮರದ ಪುಡಿ ಒತ್ತಿ ಮಾಡಿದ ಎಂಡಿಎಫ್ ಹಲಗೆ ಭಾರ, ದನಿ ಇಲ್ಲ, ಪೆಟ್ಟಿಗೆಗೆ ಹೇಳಿ ಮಾಡಿಸಿದ್ದು. ಆದರೆ ನಮ್ಮ ಕಡೆಯ ಮಳೆಗಾಲದಲ್ಲಿ ಗೋಡೆಯ ತೇವ ತಾಗಿದರೂ ಸಾಕು, ನೆನೆದ ರೊಟ್ಟಿಯ ಹಾಗೆ ಉಬ್ಬಿಬಿಡುತ್ತದೆ. ಅಗ್ಗದ ಪ್ಲೈವುಡ್ಡಿನ ಪದರಗಳ ನಡುವೆ ಸಂದು ಉಳಿದಿರುತ್ತದೆ, ಹಾಡು ಹಾಕಿದರೆ ಜೀರುಂಡೆ ಹೊಕ್ಕಂತೆ ಗುರುಗುಟ್ಟುತ್ತದೆ. ಹದಿನೆಂಟು ಮಿಲಿಮೀಟರಿನ ಒಳ್ಳೆ ಪ್ಲೈ ಆದರೆ ಚಿಂತೆಯಿಲ್ಲ, ಒಳಗೆ ಅಡ್ಡಪಟ್ಟಿ ಹೊಡೆದರೆ ಕಲ್ಲು. ಸಾಗವಾನಿಯಂಥ ಇಡೀ ಮರದ ಹಲಗೆ ನೋಡಲು ಚಂದ, ಆದರೆ ಆಷಾಢದಲ್ಲಿ ಹಿಗ್ಗಿ ಶಿವರಾತ್ರಿಗೆ ಕುಗ್ಗುತ್ತದೆ, ಮೂಲೆ ಬಿಟ್ಟುಕೊಳ್ಳುತ್ತದೆ.

"ಆತಪಾ, ನೀ ಹೇಳಿದ್ದೆಲ್ಲಾ ಖರೇ" ಎಂದ ಅಂದಾನಪ್ಪ. "ಆದರ ನನಗ ಸತ್ತ ಪೆಟ್ಟಗಿ ಬ್ಯಾಡೋ ತಮ್ಮಾ. ನಡುಗೂ ಪೆಟ್ಟಗಿ ಬೇಕು. ಮ್ಯಾಲೆ ಕೈ ಇಟ್ರ ಹಾಡು ಕೈಗೆ ಬರಬೇಕು."

ಉಲ್ಲಾಸ ನಕ್ಕುಬಿಟ್ಟ. "ಪೆಟ್ಟಿಗೆ ನಡುಗಿದ್ರೆ ಮಾಡಿದವನಿಗೆ ಕೆಲಸ ಬರೋದಿಲ್ಲ ಅಂತ ಅರ್ಥ ಮಾರಾಯ್ರೆ. ನಡುಗೋದೇ ಬೇಕು ಅಂದ್ರೆ ನನ್ನ ಹತ್ರ ಯಾಕೆ ಬಂದ್ರಿ? ಮದ್ದಲೆ ಮಾಡೋರ ಹತ್ರ ಹೋಗಿ."

ತಮಾಷೆಗೆ ಅಂದ ಮಾತು ಅದು. ಆದರೆ ಅಂದಾನಪ್ಪ ತಮಾಷೆ ಕೇಳುವ ಸ್ಥಿತಿಯಲ್ಲಿ ಇರಲಿಲ್ಲ. "ಅಂಥಾವ್ರು ಎಲ್ಲಿ ಅದಾರ?" ಎಂದು, ವಿಳಾಸ ಬರೆದುಕೊಡಲಿ ಎಂಬಂತೆ ಜೇಬಿನಿಂದ ಚೀಟಿ ತೆಗೆದು ಮುಂದೆ ಹಿಡಿದ. ಉಲ್ಲಾಸನ ನಗೆ ಅಲ್ಲಿಗೇ ನಿಂತಿತು. ಏನೋ ಹೊಳೆದವನಂತೆ ಮುದುಕನ ಮುಖ ನೋಡಿ, "ಯಾರಿಗೆ ಗೌಡ್ರೇ ಇದು?" ಎಂದು ಮೆಲ್ಲಗೆ ಕೇಳಿದ.

ಯಾರಿಗೆ ಅಂದರೆ ಹೆಂಡತಿಗೆ, ಶಾರದವ್ವನಿಗೆ.

ದಾಸನಕೊಪ್ಪದ ಮಠದಲ್ಲಿ ಸೋಮವಾರದ ಭಜನೆ ಅಂದರೆ ಶಾರದವ್ವ, ಶಾರದವ್ವ ಅಂದರೆ ಭಜನೆ. ಮೂವತ್ತು ವರ್ಷ ಒಂದು ಸೋಮವಾರ ತಪ್ಪಿಸಿದವಳಲ್ಲ. ಅವಳು ಮೊದಲ ಸಾಲು ಎತ್ತಿಕೊಟ್ಟರೆ ಇಪ್ಪತ್ತು ಹೆಂಗಸರು ಹಿಂದಿನಿಂದ ಹಿಡಿಯುತ್ತಿದ್ದರು. ಹಾಗಂತ ಅಂದಾನಪ್ಪ ಒಂದು ದಿನವಾದರೂ ಕೂತು ಕೇಳಿದವನೇ? ಎಲ್ಲಿಯದು! ಸೋಮವಾರ ರೊಟ್ಟಿ ತಡವಾಯಿತೆಂದು ಗೊಣಗಿದ್ದೇ ಬಂತು. ಮೆಕ್ಕೆಜೋಳ, ಶುಂಠಿ, ಎತ್ತು, ಟ್ರಾಕ್ಟರು, ಇವುಗಳ ನಡುವೆ ಹೆಂಡತಿಯ ಹಾಡು ಅವನಿಗೆ ಮನೆಯ ಗಡಿಯಾರದ ಸದ್ದಿನಷ್ಟೇ ಆಗಿತ್ತು.

ಎರಡು ವರ್ಷದ ಹಿಂದೆ ಶ್ರಾವಣದಲ್ಲಿ ಶಾರದವ್ವನಿಗೆ ಜ್ವರ ಬಂತು. ಮೂರು ದಿನ ಮೈಮೇಲೆ ಎಚ್ಚರವಿಲ್ಲ. ನಾಲ್ಕನೇ ದಿನ ಕಣ್ಣು ಬಿಟ್ಟಳು. ಮಗ ಆನಂದ, ಸೊಸೆ ಶಿಲ್ಪಾ, ನೆರೆಮನೆಯವರು ಎಲ್ಲರೂ ಮಂಚದ ಸುತ್ತ ನಿಂತು ಗುರುವಿಗೆ ಹರಕೆ ಹೊತ್ತದ್ದನ್ನೂ ಗಂಜಿ ಕಾಯಿಸಬೇಕಾದದ್ದನ್ನೂ ಒಟ್ಟೊಟ್ಟಿಗೆ ಮಾತಾಡುತ್ತಿದ್ದರು. ಶಾರದವ್ವ ಒಬ್ಬೊಬ್ಬರ ಮುಖವನ್ನೂ ನೋಡಿ, "ಯಾಕ ಎಲ್ಲಾರೂ ಸುಮ್ನ ನಿಂತೀರಿ?" ಎಂದು ಕೇಳಿದಳು.

ಹುಬ್ಬಳ್ಳಿಯ ಡಾಕ್ಟರು ಕಿವಿಯ ನರ ಹೋಗಿದೆ ಎಂದರು. ಅವರು ಕೊಟ್ಟ ಕಿವಿಯ ಯಂತ್ರವನ್ನು ಅವಳು ನಾಲ್ಕು ದಿನ ಹಾಕಿಕೊಂಡು ನೋಡಿ ಡಬ್ಬಿಯಲ್ಲಿಟ್ಟಳು. ಆಮೇಲೂ ಕೆಲವು ವಾರ ಭಜನೆಗೆ ಹೋದಳು. ಒಂದು ಸೋಮವಾರ ಎಲ್ಲರೂ ಹಾಡು ಮುಗಿಸಿದ್ದು ಗೊತ್ತಾಗದೆ ಕಣ್ಣು ಮುಚ್ಚಿ ಒಬ್ಬಳೇ ಹಾಡುತ್ತ ಕೂತಳಂತೆ. ದನಿ ಎಲ್ಲೆಲ್ಲೋ ಹೋಗುತ್ತಿತ್ತಂತೆ. ಹಿಂದೆ ಯಾವಳೋ ಕಿಸಕ್ಕೆಂದಳಂತೆ, ಪಕ್ಕದವಳು ಮೊಣಕೈ ಮುಟ್ಟಿ ನಿಲ್ಲಿಸಿದಳಂತೆ. ಅಂದಿನಿಂದ ಶಾರದವ್ವ ಮಠದ ಮೆಟ್ಟಿಲು ಹತ್ತಲಿಲ್ಲ. ಅತ್ತಳೂ ಇಲ್ಲ, ಯಾರನ್ನೂ ಬೈಯಲೂ ಇಲ್ಲ. ಒಂದೇ ಒಂದು ಸಲ, ಅಕ್ಕಿ ಆರಿಸುತ್ತ ಕೂತಾಗ, "ಸಾಯೂದ್ರೊಳಗ ಒಂದ್ಸಲ ಭಜನಿ ಕಿವಿಗೆ ಬಿದ್ರ ಸಾಕಾಗಿತ್ತು ನೋಡ್ರಿ" ಎಂದಿದ್ದಳು, ಅಷ್ಟೇ.

ಆ ಮಾತು ಅಂದಾನಪ್ಪನನ್ನು ಬಿಡಲಿಲ್ಲ. ಮೂವತ್ತು ವರ್ಷ ಕೇಳದೇ ಹೋದವನಿಗೆ ಈಗ ಅವಳಿಗೆ ಒಂದು ಸಲ ಕೇಳಿಸಲೇಬೇಕೆಂಬ ಹಟ ಹಿಡಿಯಿತು. ಹೇಗೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಹಾಗಿರುವಾಗ ಈ ವರ್ಷ ಯುಗಾದಿಗೆ ಮುಂಚೆ ಊರಿನಲ್ಲಿ ಒಂದು ಮದುವೆಯ ಮೆರವಣಿಗೆ ಹೊರಟಿತು. ಟ್ರಾಕ್ಟರಿನ ಮೇಲೆ ಡಿಜೆ ಪೆಟ್ಟಿಗೆಗಳು, ಎದೆ ಒಡೆಯುವ ಸದ್ದು. ಅಡುಗೆಮನೆಯಲ್ಲಿ ಕಿಟಕಿಯ ಮರದ ಚೌಕಟ್ಟು ಹಿಡಿದು ನಿಂತಿದ್ದ ಶಾರದವ್ವ ತಟ್ಟನೆ ತಿರುಗಿ, "ಯಾರ್ದೋ ಮೆರವಣಿಗಿ ಬಂತಲ್ರಿ" ಎಂದಳು. ಅಂದಾನಪ್ಪ ಕೈಯಲ್ಲಿದ್ದ ಲೋಟ ಕೆಳಗಿಟ್ಟು ಅವಳ ಮುಂದೆ ಬಂದು ನಿಂತ. ಹೇಗೆ ಗೊತ್ತಾಯಿತೆಂದು ಸನ್ನೆ ಮಾಡಿದ. ಅವಳು ಕಿಟಕಿಯ ಚೌಕಟ್ಟು ತೋರಿಸಿದಳು.

ಅಂದರೆ ಮರದೊಳಗಿಂದ ದಾರಿ ಇದೆ! ಕಿವಿಯಲ್ಲಿ ಮುಚ್ಚಿದ ಬಾಗಿಲು ಕೈಯಲ್ಲಿ ತೆರೆದಿದೆ! ಅಂದಾನಪ್ಪನಿಗೆ ಅಂದು ಊಟ ಸೇರಲಿಲ್ಲ. ಸರಿಯಾದ ಮರ ಸಿಕ್ಕರೆ ಸಾಕು, ಹೆಂಡತಿಗೆ ಭಜನೆ ಕೇಳಿಸುತ್ತದೆ ಎಂಬುದು ಅವನ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು.

ಇದನ್ನೆಲ್ಲ ಕೇಳಿದ ಉಲ್ಲಾಸ ಆ ಚೀಟಿಯ ಮೇಲೆ ಒಂದು ಹೆಸರು ಬರೆದುಕೊಟ್ಟ. ಕೆರಿಯಪ್ಪ, ಸಿದ್ದಾಪುರ ರಸ್ತೆ, ಕಾನಸೂರಿನಿಂದ ಒಳಗೆ.

ಕೆರಿಯಪ್ಪನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಕೊಟ್ಟಿಗೆಯ ಪಕ್ಕದ ಚಪ್ಪರದಲ್ಲಿ ಮರದ ತುಂಡುಗಳ ರಾಶಿ, ಅರ್ಧ ಕೊರೆದಿಟ್ಟ ಮದ್ದಲೆಯ ಒಡಲುಗಳು, ಮಂಡಿಯವರೆಗೆ ಮರದ ಹೊಟ್ಟು. ಎಪ್ಪತ್ತರ ಆಸುಪಾಸಿನ ಸಣಕಲು ಮನುಷ್ಯ ಉಳಿ ಹಿಡಿದು ಕೂತಿದ್ದ. ಅಂದಾನಪ್ಪ ಎರಡು ಸಲ ಕರೆದರೂ ತಲೆ ಎತ್ತಲಿಲ್ಲ. ಒಳಗಿಂದ ಅವನ ಹೆಂಡತಿ ನಾಗಿ ಬಂದು ಭುಜ ಅಲುಗಿಸಿದ ಮೇಲೇ ನೋಡಿದ್ದು.

"ಹೋಯ್, ಬನ್ನಿ ಬನ್ನಿ! ಜೋರಾಗಿ ಮಾತಾಡಿ. ನಂಗೆ ಸಣ್ಣಿರ್ಬೇಕಾರೆ ಕಿವಿ ಸೋರ್ತಿತ್ತು. ಸೋರಿ ಸೋರಿ ಎರಡೂ ಮುಚ್ಚೇ ಹೋತು."

ಅಂದಾನಪ್ಪನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಿವುಡಿ ಹೆಂಡತಿಗಾಗಿ ಕಿವುಡ ಬಡಗಿಯ ಹತ್ತಿರ ಬಂದೆನಲ್ಲಪ್ಪಾ ಎಂದುಕೊಂಡ. ಆದರೂ ಗಂಟಲು ಹರಿಯುವ ಹಾಗೆ ಕೂಗಿ ಕೂಗಿ ಬಂದ ಕಾರಣ ಹೇಳಿದ. ಹೊಲದಲ್ಲಿ ಕೆಲಸ ಮಾಡುತ್ತಿದ್ದವರೂ ನಿಂತು ಕೇಳಿದರು.

ಎಲ್ಲ ಕೇಳಿ ಮುಗಿಸಿದ ಕೆರಿಯಪ್ಪ ಎದ್ದು ಹೋಗಿ ಐದು ಹಲಗೆ ತಂದು ನೆಲದ ಮೇಲೆ ಹರಡಿದ. ಆಮೇಲೆ ಅವನು ಮಾಡಿದ್ದನ್ನು ಅಂದಾನಪ್ಪ ಜನ್ಮದಲ್ಲಿ ಕಂಡಿರಲಿಲ್ಲ. ಹಲಗೆಯ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಇನ್ನೊಂದು ತುದಿಯನ್ನು ಬೆರಳಿನಿಂದ ತಟ್ಟಿದ. ಕಣ್ಣು ಮುಚ್ಚಿ ಹುಬ್ಬು ಗಂಟಿಕ್ಕಿ ಕೇಳಿದ. ಒಂದನ್ನು ಬದಿಗಿಟ್ಟು ಇನ್ನೊಂದನ್ನು ಕಚ್ಚಿದ.

"ಕಿವಿ ಹೋದ್ರೆ ಎಂತಾತು? ಹಲ್ಲು ಉಂಟಲ್ಲ! ಇಪ್ಪತ್ತು ವರ್ಷ ಆತು, ನಾ ಹೀಗೇ ಮರ ಆರಿಸ್ತೆ. ನೀವೂ ಕಚ್ಚಿ ನೋಡಿ."

ಅಂದಾನಪ್ಪ ಮುಜುಗರದಿಂದ ಅತ್ತಿತ್ತ ನೋಡಿ ಹಲಗೆ ಕಚ್ಚಿದ. ಮೊದಲನೆಯದು ಸಾಗವಾನಿ. ಕೆರಿಯಪ್ಪ ತಟ್ಟಿದಾಗ ದೂರದಲ್ಲಿ ಯಾರೋ ಬಾಗಿಲು ಹಾಕಿದಂತಾಯಿತು. "ಇದ್ರಲ್ಲಿ ಎಣ್ಣೆ ಜಾಸ್ತಿ. ಕಪಾಟಿಗೆ ಒಳ್ಳೇದು, ಹಾಡಿಗಲ್ಲ" ಎಂದ ಕೆರಿಯಪ್ಪ. ಮತ್ತಿ ಬರೀ ಭಾರ, ಮೊಳೆ ಹೊಡೆದರೆ ಸೀಳು. ಮಾವಿಗೆ ದನಿ ಇದೆ, ಆದರೆ ಎರಡು ವರ್ಷಕ್ಕೆ ಹುಳ ಹಿಡಿದು ಪುಡಿಯಾಗುತ್ತದೆ. ಶಿವಣೆ ಹಗುರ, ಹಾಡುತ್ತದೆ, ಸ್ವಲ್ಪ ಮೂಗಿನಲ್ಲಿ. ಕೊನೆಯದು ಹಲಸು. ಹಳದಿ ಮಾಗಿ ಜೇನಿನ ಬಣ್ಣವಾಗಿತ್ತು. ಕೆರಿಯಪ್ಪ ತಟ್ಟಿದ್ದೇ ತಡ, ಅಂದಾನಪ್ಪನ ತಲೆಬುರುಡೆಯ ಒಳಗೆ ಸದ್ದು ತುಂಬಿಕೊಂಡಿತು. ಕಿವಿಯಿಂದ ಬಂದದ್ದಲ್ಲ, ಒಳಗಿನಿಂದಲೇ ಎದ್ದದ್ದು. ಎರಡೂ ಕಿವಿಗೆ ಬೆರಳು ತುರುಕಿಕೊಂಡು ಮತ್ತೊಮ್ಮೆ ತಟ್ಟಲು ಸನ್ನೆ ಮಾಡಿದ. ಆಗ ಇನ್ನೂ ದೊಡ್ಡದಾಗಿ ಕೇಳಿತು!

"ಶಿವನ!" ಎಂದು ಅವನು ಹಲಗೆ ಬಿಟ್ಟು ಕಣ್ಣೊರೆಸಿಕೊಂಡ. "ಕೆರಿಯಪ್ಪಾರ, ಇದು ಆಕಿಗೆ ಕೇಳತೈತೇನ್ರಿ?"

"ಕೇಳದೇ ಎಂತ ಮಾಡ್ತದೆ? ನಂಗೆ ಕೇಳೂದಿಲ್ವಾ? ಮದ್ದಲೆಗೆ ಅಂತ ಒಣಗಿಸಿಟ್ಟ ಮರ ಇದು, ಹದಿನೆಂಟು ವರ್ಷ ಅಟ್ಟದ ಮೇಲೆ ಹೊಗೆ ಕುಡಿದದೆ. ನಿಮ್ಮ ಮನೆಯವ್ರಿಗೆ ಅಂದ್ರೆ ಕೊಡ್ತೆ. ಮೇಲಿನ ಹಲಗೆ ತೆಳ್ಳಗೆ ಹೆರೀತೆ, ಹಪ್ಪಳದ ಹಾಂಗೆ. ಮೊಳೆ ಹೊಡಿಯೂದಿಲ್ಲೆ, ಮೊಳೆ ದನಿ ಕಟ್ಟಿ ಹಾಕ್ತದೆ. ಅಂಟಿನಲ್ಲೇ ಕೂಡಿಸ್ತೆ."

ಅವನು ಸುಳ್ಳು ಹೇಳಲಿಲ್ಲ, ಪಾಪ. ತನ್ನ ಕಿವುಡಿನಿಂದ ಜಗತ್ತಿನ ಎಲ್ಲ ಕಿವುಡನ್ನೂ ಅಳೆದ, ಅಷ್ಟೇ. ಅವನದು ಮುಚ್ಚಿದ ಕಿವಿ; ಸದ್ದಿಗೆ ಬೇರೆ ದಾರಿ ಸಿಕ್ಕರೆ ಒಳಗಿನ ನರ ಕೇಳುತ್ತಿತ್ತು. ಶಾರದವ್ವನದು ಆ ನರವೇ ಹೋದ ಕಿವಿ. ಈ ವ್ಯತ್ಯಾಸ ಅಂದು ಆ ಚಪ್ಪರದಲ್ಲಿ ಇಬ್ಬರಿಗೂ ಗೊತ್ತಿರಲಿಲ್ಲ. ಅಂದಾನಪ್ಪ ಕಾನಸೂರಿನಲ್ಲಿ ಎರಡು ಪ್ಲೇಟು ಮಂಡಕ್ಕಿ ತಿಂದು, ಅಪರಿಚಿತರಿಗೂ ನಮಸ್ಕಾರ ಹೇಳಿ, ಖುಷಿಯಲ್ಲಿ ಬಸ್ಸು ಹತ್ತಿದ.

ಗೊತ್ತಿದ್ದವಳು ಸೊಸೆ ಶಿಲ್ಪಾ. ಮಾವ ಮನೆಗೆ ಬಂದು ಹಲಗೆ ಕಚ್ಚಿದ ಕತೆಯನ್ನು ಸಂಭ್ರಮದಿಂದ ಹೇಳಿದಾಗ ಅವಳ ಮುಖ ಬಾಡಿತು. ಅತ್ತೆ ಹಿತ್ತಲಿನಲ್ಲಿದ್ದಳು. ಇಲ್ಲೇ ಇದ್ದರೂ ಕೇಳುತ್ತಿರಲಿಲ್ಲ ಬಿಡಿ.

"ಮಾವಾರ, ಹುಬ್ಬಳ್ಳ್ಯಾಗ ಡಾಕ್ಟರು ನೋಡೂ ಮುಂದ ನೀವು ಚೀಟಿ ಮಾಡ್ಸಾಕ ಹೊರಗ ಹೋಗಿದ್ರಿ. ನಾ ಒಳಗಿದ್ನಿ. ಅವರು ಚಿಮಟಿಗಿ ಹಂಗ ಇರೂ ಒಂದು ಕಬ್ಬಿಣದ ಕವಲು ಬಡದು ಅತ್ತಿಯಾರ ಕಿವಿ ಹಿಂದಿನ ಎಲುಬಿಗೆ ಹಚ್ಚಿದ್ರು. ಗುಂಯ್ ಅಂತ ನಡುಗೂದು ನನಗ ಕೂತಲ್ಲೇ ಕೇಳ್ತಿತ್ತು. ಅತ್ತಿಯಾರಿಗೆ ಏನೂ ಕೇಳ್ಸಲಿಲ್ಲ."

ಅಂದಾನಪ್ಪ ಅಂಗಿಗೆ ಅಂಟಿದ ಮರದ ಹೊಟ್ಟು ಕೊಡವತೊಡಗಿದ.

"ಎಲುಬಿನಿಂದ ಕೊಟ್ರೂ ಒಳಗ ತಗೊಳ್ಳೂ ನರಾನ ಇಲ್ಲ ಅಂದ್ರು ಮಾವಾರ. ಕೈಗೆ ನಡುಕ ಗೊತ್ತಾಕ್ಕೈತಿ, ಎಲ್ಲಾರಿಗೂ ಆಕ್ಕೈತಿ. ಹಾಡು ಗೊತ್ತಾಗಂಗಿಲ್ರಿ."

"ಅದು ಕಬ್ಬಣ" ಎಂದ ಅಂದಾನಪ್ಪ. "ಇದು ಹಲಸು."

ಶಿಲ್ಪಾ ಓದಿದ ಹೆಣ್ಣುಮಗಳು, ವಾದ ಮಾಡಬಹುದಿತ್ತು. ಮಾವನ ಮುಖ ನೋಡಿ ಬಿಟ್ಟುಕೊಟ್ಟಳು. ಆ ಸೋಮವಾರ ತಾನೇ ಮಠಕ್ಕೆ ಹೋಗಿ, ಭಜನೆಯನ್ನು ಮೊಬೈಲಿನಲ್ಲಿ ಪೂರ್ತಿ ಹಿಡಿದುಕೊಂಡು ಬಂದು ಮಾವನ ಫೋನಿಗೆ ಹಾಕಿಕೊಟ್ಟಳು. ಅವಳಿಂದ ಮಾಡಲು ಆಗುವುದು ಅಷ್ಟೇ ಇತ್ತು.

ಅಂದಾನಪ್ಪ ಸೊಸೆ ಹೇಳಿದ ಮರುದಿನವೇ ಮತ್ತೆ ಕೆರಿಯಪ್ಪನ ಚಪ್ಪರದಲ್ಲಿ ಹಾಜರಾದ. ನರ, ಎಲುಬು, ಕಬ್ಬಿಣದ ಕವಲು ಎಲ್ಲವನ್ನೂ ಕೂಗಿ ಹೇಳಿದ. ಇದಕ್ಕೆ ಏನಾದರೂ ಉತ್ತರ ಕೊಡು ಎಂದು ಆ ಮುದುಕನ ಮುಖವನ್ನೇ ಕಣ್ಣು ಪಿಳುಕಿಸದೆ ನೋಡಿದ. ಕೆರಿಯಪ್ಪನಿಗೆ ಅರ್ಧ ಕೇಳಿತು, ಕಾಲು ಅರ್ಥವಾಯಿತು. ಉಳಿಯ ಬಾಯಿ ಸವರಿ ನೋಡಿ, "ಹಾಂಗಾರೆ ಇನ್ನೊಂಚೂರು ತೆಳ್ಳಗೆ ಹೆರೀತೆ" ಎಂದ. ಡಾಕ್ಟರ ವಿದ್ಯೆಗೆ ಅವನ ಹತ್ತಿರ ಇದ್ದ ಉತ್ತರ ಅದೊಂದೇ. ಅಂದಾನಪ್ಪನೂ ಅದನ್ನೇ ಎರಡೂ ಕೈಯಲ್ಲಿ ಸ್ವೀಕರಿಸಿದ.

ಅಲ್ಲಿಂದ ಒಂದೂವರೆ ತಿಂಗಳು ಅಂದಾನಪ್ಪನ ಕಾಲು ಮನೆಯಲ್ಲಿ ನಿಲ್ಲಲಿಲ್ಲ. ಕಾನಸೂರಿಗೆ ಹೋಗುವುದು, ಹಲಗೆ ಕಚ್ಚುವುದು, ಬರುವುದು. ಅಂಟು ಆರುವುದಕ್ಕೆ ಮೋಡ ಬಿಡಲಿಲ್ಲವೆಂದು ಮೋಡಕ್ಕೆ ಬೈಯುವುದು. ಶುಂಠಿಗೆ ಔಷಧ ಹೊಡೆಯುವ ದಿನ ಮರೆತು ಮಗನಿಂದ ಬೈಸಿಕೊಳ್ಳುವುದು. "ಅಪ್ಪಾಗ ಏನಾಗೇತೋ ಏನೋ" ಎಂದು ಆನಂದ ತನ್ನ ಗೊಬ್ಬರದ ಅಂಗಡಿಗೆ ಬಂದವರ ಎದುರಿಗೇ ತಲೆ ಚಚ್ಚಿಕೊಂಡ. ಶಾರದವ್ವ ಎಲ್ಲವನ್ನೂ ನೋಡುತ್ತಿದ್ದಳು. ಕಿವಿ ಹೋದ ಮೇಲೆ ಅವಳ ಕಣ್ಣು ಎರಡು ಪಟ್ಟು ಚುರುಕಾಗಿತ್ತು. ಗಂಡನ ಅಂಗಿಯ ಮೇಲೆ ಮರದ ಹೊಟ್ಟು, ಚಪ್ಪಲಿಯಲ್ಲಿ ಕೆಮ್ಮಣ್ಣು, ಮುಖದಲ್ಲಿ ಮದುಮಗನ ಗಡಿಬಿಡಿ. ಕೊನೆಗೆ ಶಿಲ್ಪಾಳನ್ನು ಹಿಡಿದು ಕೂರಿಸಿ ಕೇಳಿದಳು. ಶಿಲ್ಪಾ ಮೊಬೈಲಿನಲ್ಲಿ ಬರೆದು ತೋರಿಸಿದಳು. ಶಾರದವ್ವ ಅದನ್ನು ಎರಡು ಸಲ ಓದಿ, ಫೋನು ವಾಪಸು ಕೊಟ್ಟು, "ಎಷ್ಟು ತಿರಗ್ಯಾರವ್ವಾ" ಎಂದಳು.

ಪೆಟ್ಟಿಗೆ ಮುಗಿಯಿತು. ಮೊಳಕಾಲೆತ್ತರ, ಮೇಲುಭಾಗ ಮಣೆಯ ಹಾಗೆ ಸಪಾಟು. ಕೆರಿಯಪ್ಪ ಮೇಣ ಹಚ್ಚಿ ತಿಕ್ಕಿ ಅದಕ್ಕೆ ಹೊಳಪು ತಂದಿದ್ದ. ಅಂದಾನಪ್ಪ ಅದನ್ನು ಗೋಣಿಯಲ್ಲಿ ಸುತ್ತಿ ಉಲ್ಲಾಸನ ಅಂಗಡಿಗೆ ಹೊತ್ತು ತಂದ. ಉಲ್ಲಾಸ ಒಳಗೆ ಸ್ಪೀಕರ್ ಕೂರಿಸಿ, ಆಂಪ್ಲಿಫಯರ್ ಜೋಡಿಸಿ ಭಜನೆ ಹಾಕಿದ. ಹಾಕಿದ ಕೂಡಲೇ ಹಲ್ಲು ಕಚ್ಚಿದ. ಹಂಡೆಯೊಳಗೆ ಕೂತು ಹಾಡಿದ ಹಾಗೆ ಎಲ್ಲ ದನಿ ಒಂದರ ಮೇಲೊಂದು ಬಿದ್ದು ಗೊಂಯ್‌ಗುಟ್ಟುತ್ತಿತ್ತು.

"ಗೌಡ್ರೇ, ಇದನ್ನ ಯಾರು ಮಾಡಿದ್ದು ಅಂತ ಕೇಳಿದ್ರೆ ದಯಮಾಡಿ ನನ್ನ ಹೆಸರು ಹೇಳ್ಬೇಡಿ" ಎಂದ. ಆಮೇಲೆ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟ. ಮರ ಜೀವ ಬಂದಂತೆ ನಡುಗುತ್ತಿತ್ತು. ಬೆರಳಿನಿಂದ ಮೊಣಕೈಗೆ, ಮೊಣಕೈಯಿಂದ ಭುಜಕ್ಕೆ ಹತ್ತುತ್ತಿತ್ತು. "ಇಷ್ಟು ನಡುಗೋದು ನಾನು ನೋಡಿಲ್ಲ ಮಾರಾಯ್ರೆ" ಎಂದು ಮನಸಾರೆ ಹೇಳಿದ. ಅಂದಾನಪ್ಪನಿಗೆ ಅಷ್ಟು ಸಾಕಾಯಿತು. ಆಂಪ್ಲಿಫಯರನ್ನೂ ಜೊತೆಗೆ ತೆಗೆದುಕೊಂಡು, ಗೂಡ್ಸ್ ಆಟೋ ಹಿಡಿದು ದಾಸನಕೊಪ್ಪದವರೆಗೂ ಪೆಟ್ಟಿಗೆಯನ್ನು ತಬ್ಬಿಕೊಂಡೇ ಕೂತ.

ಮನೆ ಮುಟ್ಟಿದಾಗ ಮಧ್ಯಾಹ್ನ ಮೂರಾಗಿತ್ತು. ಆನಂದ ಅಂಗಡಿಯಲ್ಲಿದ್ದ. ಶಾರದವ್ವ ಮುಖ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಹಸಿರು ಇಳಕಲ್ ಸೀರೆ ಉಟ್ಟು ಪಡಸಾಲೆಯಲ್ಲಿ ಕಂಬಳಿ ಹಾಸಿ ಕೂತಿದ್ದಳು. ಮಠಕ್ಕೆ ಹೋಗುವಾಗ ಉಡುತ್ತಿದ್ದ ಸೀರೆ. ಅಂದಾನಪ್ಪ ಗೋಣಿ ಬಿಚ್ಚಿದ. ಪೆಟ್ಟಿಗೆಯನ್ನು ಅವಳ ಮುಂದೆ ಇಟ್ಟ. ಪಕ್ಕದಲ್ಲಿ ಆಂಪ್ಲಿಫಯರ್ ಇಟ್ಟು, ವಯರು ಜೋಡಿಸಿ, ಫೋನು ಸಿಕ್ಕಿಸಿದ. ಅರವತ್ತೇಳು ವರ್ಷದ ಆಸಾಮಿ ಪರೀಕ್ಷೆಗೆ ಕೂತ ಹುಡುಗನಂತೆ ಬೆವರುತ್ತಿದ್ದ. ಅಡುಗೆಮನೆಯ ಬಾಗಿಲಲ್ಲಿ ಶಿಲ್ಪಾ ಹಿಟ್ಟಿನ ಕೈಯಲ್ಲೇ ನಿಂತಳು.

ಅವನು ಫೋನಿನಲ್ಲಿ ಭಜನೆ ಒತ್ತಿದ. ಶಾರದವ್ವನ ಕಣ್ಣು ಅವನ ಬೆರಳ ಮೇಲೇ ಇತ್ತು. ಒತ್ತಿ, ಆಂಪ್ಲಿಫಯರಿಗೆ ಕರೆಂಟು ಕೊಡುವ ಪಿನ್ನು ಎಳೆದುಕೊಂಡು ಗೋಡೆಯ ಕಡೆ ಹೋದ. ಪ್ಲಗ್ಗು ಬಾಗಿಲ ಹಿಂದೆ, ನೆಲಕ್ಕೆ ಹತ್ತಿರ ಇತ್ತು. ಮಂಡಿಯೂರಿ ಕೂತು ತೂತು ಹುಡುಕುತ್ತಿದ್ದಾಗ ಬೆನ್ನ ಹಿಂದೆ ಅವಳ ದನಿ ಕೇಳಿತು.

"ಬಂತ್ರಿ!"

ಅಂದಾನಪ್ಪ ತಿರುಗಿ ನೋಡಿದ. ಶಾರದವ್ವ ಎರಡೂ ಅಂಗೈಗಳನ್ನು ಪೆಟ್ಟಿಗೆಯ ಮೇಲೆ ಇಟ್ಟು ಕಣ್ಣು ಮುಚ್ಚಿದ್ದಳು. ಮುಖದ ತುಂಬ ನಗು. ತಲೆ ಮೆಲ್ಲಗೆ ಆಡುತ್ತಿತ್ತು.

"ಅಯ್ಯ ನಮ್ಮವ್ವ, ಎಷ್ಟು ಚಂದ ಬರಾಕತ್ತೈತ್ರಿ! ಎಲ್ಲಾರೂ ಅದಾರ. ಒಬ್ಬೊಬ್ಬರ ದನೀನೂ ಗುರ್ತು ಸಿಗಾಕತ್ತೈತಿ."

ಪಿನ್ನು ಅಂದಾನಪ್ಪನ ಕೈಯಲ್ಲೇ ಇತ್ತು.

ಮನೆಯಲ್ಲಿ ಯಾವ ಸದ್ದೂ ಇರಲಿಲ್ಲ. ಒಲೆಯ ಮೇಲೆ ಏನೋ ಕುದಿಯುತ್ತಿತ್ತು, ಅಷ್ಟೇ. ಶಾರದವ್ವ ಬೆರಳಿನಲ್ಲಿ ತಾಳ ಹಾಕುತ್ತ, ಎಲ್ಲೆಲ್ಲೋ ಹೋಗುವ ತನ್ನ ಆ ದೊಡ್ಡ ದನಿಯಲ್ಲಿ ಹಾಡು ಎತ್ತಿಕೊಂಡಳು. ಅಂದಾನಪ್ಪನಿಗೆ ಮೊದಲು ಏನೂ ಅರ್ಥವಾಗಲಿಲ್ಲ. ಪಿನ್ನು ನೋಡಿದ, ಗೋಡೆ ನೋಡಿದ, ಅವಳನ್ನು ನೋಡಿದ. ಆಮೇಲೆ ಅರ್ಥವಾಯಿತು. ಪೆಟ್ಟಿಗೆಯಿಂದ ತನಗೆ ಹಾಡು ಕೇಳಿಸುವುದಿಲ್ಲವೆಂದು ಅವಳಿಗೆ ಮೊದಲೇ ಗೊತ್ತಿತ್ತು. ಅವನು ಫೋನು ಒತ್ತಿದ್ದನ್ನು ನೋಡಿ ಭಜನೆ ಶುರುವಾಯಿತೆಂದು ತಿಳಿದಿದ್ದಳು. ಇಷ್ಟು ದಿನ ಅಲೆದ ಗಂಡನ ಮುಖ ಸಪ್ಪೆಯಾಗಬಾರದೆಂದು ಸೀರೆ ಉಡುವಾಗಲೇ ಅವಳು ಇದನ್ನು ನಿಶ್ಚಯಿಸಿಕೊಂಡು ಕೂತಿದ್ದಳು.

ಪಿನ್ನನ್ನು ಚುಚ್ಚಲು ಅವನ ಕೈ ಮುಂದೆ ಹೋಯಿತು. ತೂತಿನ ಹತ್ತಿರ ಹೋಗಿ ನಿಂತಿತು. ಈಗ ಚುಚ್ಚಿದರೆ ಮರ ನಡುಗುತ್ತದೆ. ನಡುಗಿದರೆ ಅವಳ ಅಂಗೈಗೆ ಗೊತ್ತಾಗುತ್ತದೆ. ಇಷ್ಟು ಹೊತ್ತು ಏನೂ ಹಾಡುತ್ತಿರಲಿಲ್ಲವೆಂದೂ, ತಾನು ನಟಿಸಿದ್ದನ್ನು ಗಂಡ ಕೂತು ನೋಡಿದನೆಂದೂ ಗೊತ್ತಾಗುತ್ತದೆ. ಮಠದಲ್ಲಿ ಮೊಣಕೈ ಮುಟ್ಟಿ ನಿಲ್ಲಿಸಿದವಳ ಕೆಲಸವನ್ನೇ ತಾನೂ ಮಾಡಿದಂತಾಗುತ್ತದೆ. ಚುಚ್ಚದಿದ್ದರೆ? ಹದಿನೆಂಟು ವರ್ಷ ಹೊಗೆ ಕುಡಿದ ಹಲಸು, ಹಪ್ಪಳದಷ್ಟು ತೆಳ್ಳಗೆ ಹೆರೆದ ಹಲಗೆ, ಒಂದೂವರೆ ತಿಂಗಳ ಅಲೆದಾಟ, ಅವಳ ಕೈಗಾದರೂ ಸಿಗಬಹುದಾಗಿದ್ದ ಆ ನಡುಕ, ಎಲ್ಲ ಅಲ್ಲಿಗೇ ಮುಗಿದ ಹಾಗೆ. ಅಳುವ ಹಾಗೂ ಇರಲಿಲ್ಲ. ಅವಳು ಯಾವಾಗ ಕಣ್ಣು ಬಿಡುತ್ತಾಳೋ ಗೊತ್ತಿರಲಿಲ್ಲ. ಬಾಗಿಲಲ್ಲಿ ಶಿಲ್ಪಾ ಹಿಟ್ಟಿನ ಕೈಯನ್ನೇ ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಮಾವ, ಸೊಸೆ ಒಬ್ಬರನ್ನೊಬ್ಬರು ನೋಡಿದರು.

ಅವನು ಪಿನ್ನನ್ನು ಮೆಲ್ಲಗೆ ಬಾಗಿಲ ಹಿಂದೆ ನೆಲಕ್ಕೆ ಬಿಟ್ಟು, ತೆವಳಿಕೊಂಡು ಬಂದು ಪೆಟ್ಟಿಗೆಯ ಈಚೆ ಬದಿಯಲ್ಲಿ ಕೂತ. ಮೂವತ್ತು ವರ್ಷದಲ್ಲಿ ಮೊದಲ ಸಲ ಹೆಂಡತಿಯ ಎದುರು ಕೂತು ಅವಳ ಹಾಡು ಕೇಳಿದ. ಶ್ರುತಿಯಿಲ್ಲದ, ತಾಳ ತಪ್ಪುತ್ತಿದ್ದ ಹಾಡು. ಶಾರದವ್ವ ಒಂದು ನುಡಿ ಮುಗಿಸಿ ಕಣ್ಣು ತೆರೆದಳು. ಗಂಡನ ಕಣ್ಣು ಒದ್ದೆಯಾದದ್ದನ್ನು ನೋಡಿದಳು. ಸಂತೋಷಕ್ಕೆ ಎಂದುಕೊಂಡಳೋ ಏನೋ, ಸೆರಗಿನಿಂದ ಅವನ ಕೆನ್ನೆ ಒರೆಸಿದಳು. ಆಮೇಲೆ ಬೀದಿಯ ಕಡೆ ಕತ್ತು ಹೊರಳಿಸಿ, ನೆರೆಯವರಿಗೆ ಕೇಳಬಾರದೆಂಬಂತೆ ದನಿ ತಗ್ಗಿಸಿದಳು.

"ಸ್ವಲ್ಪ ಸಣ್ಣ ಮಾಡ್ರಿ. ಓಣ್ಯಾಗಿನ ಮಂದಿಗೆ ತ್ರಾಸಾಕ್ಕೈತಿ."

ಅಂದಾನಪ್ಪ ಕೈ ಚಾಚಿ ಆಂಪ್ಲಿಫಯರಿನ ಗುಂಡಿಯನ್ನು ತಿರುಗಿಸಿದ. ಸಾಕೇ ಎಂದು ಹುಬ್ಬು ಎತ್ತಿ ಕೇಳಿದ.

"ಇನ್ನೊಂಚೂರು" ಎಂದಳು ಶಾರದವ್ವ.

ಅವನು ಇನ್ನೂ ಸ್ವಲ್ಪ ತಿರುಗಿಸಿದ.